ಶಿವಗಂಗೆಯ ಐದನೆಯ ರೂಪ

ತುಮಕೂರು ಹೆದ್ದಾರಿಯಲ್ಲಿ ನೆಲಮಂಗಲ ದಾಟಿ ದಾಬಸ್‌ಪೇಟೆ ಹತ್ತಿರವಾಗುತ್ತಿದ್ದಂತೆ ಎಡಗಡೆಯ ಬಯಲಿನಿಂದ ಶಿವಗಂಗೆ ಒಮ್ಮೆಲೇ ಎದ್ದು ನಿಲ್ಲುತ್ತದೆ. ಮೂಡಣದಿಂದ ಕಂಡರೆ ಬಸವ, ಪಡುವಣದಿಂದ ಗಣಪ, ತೆಂಕಣದಿಂದ ಲಿಂಗ, ಬಡಗಣದಿಂದ ಹೆಡೆಯೆತ್ತಿದ ನಾಗ. ನಾಲ್ಕು ದಿಕ್ಕಿಗೆ ನಾಲ್ಕು ರೂಪ ಎಂದು ಈ ಸೀಮೆಯವರು ತಲೆತಲಾಂತರದಿಂದ ಹೇಳಿಕೊಂಡು ಬಂದಿದ್ದಾರೆ. ಈ ಸಲ ನನಗೆ ಐದನೆಯದೊಂದು ಕಂಡಿತು. ಶಿವಗಂಗೆ ಒಂದು ಚಾವಣಿ.

ಹಾಗೆ ಕಾಣುವುದಕ್ಕೆ ಕಾರಣವಿತ್ತು. ಬೆಟ್ಟದ ತಪ್ಪಲಿನ ಹಳ್ಳಿಯೊಂದರಲ್ಲಿ ನನ್ನ ದೊಡ್ಡಮ್ಮನ ಮನೆಯಿದೆ. ಅದರ ಹೆಂಚಿನ ಮುಚ್ಚಿಗೆಗೆ ಮುಪ್ಪು ಬಂದಿತ್ತು. ಭರಣಿ ಮಳೆ ಹಿಡಿಯುವ ಮೊದಲು ಎಲ್ಲವನ್ನೂ ಇಳಿಸಿ ಹೊಸದಾಗಿ ಹೊದಿಸಬೇಕೆಂದು ಮೇಸ್ತ್ರಿಗೆ ಹೇಳಿಯಾಗಿತ್ತು. ಅದೇ ದಿನಗಳಲ್ಲಿ ದೊಡ್ಡಮ್ಮನ ಮಗ, ನನಗೆ ತಮ್ಮ, ಅಮೆರಿಕದ ಅರಿಜೋನಾ ಮರುಭೂಮಿಯಲ್ಲಿ, ಫೀನಿಕ್ಸ್ ನಗರದ ಹೊರಬಡಾವಣೆಯಲ್ಲಿರುವ ತನ್ನ ಮನೆಯ ಚಾವಣಿಯನ್ನೂ ಬದಲಿಸುತ್ತಿದ್ದ. ಇಲ್ಲಿ ಮಣ್ಣಿನ ಹೆಂಚು, ಅಲ್ಲಿ ಡಾಂಬರಿನ ಶಿಂಗಲ್. ಎರಡನ್ನೂ ಮುಪ್ಪಾಗಿಸಿದ್ದು ಒಂದೇ ಸೂರ್ಯ. ಹೀಗೆ ಚಾವಣಿಯ ಯೋಚನೆಯನ್ನೇ ತಲೆತುಂಬ ಇಟ್ಟುಕೊಂಡು ನಸುಕಿನಲ್ಲಿ ಬೆಟ್ಟ ಹತ್ತತೊಡಗಿದೆ.

ಕಲ್ಯಾಣಿ ದಾಟಿ, ಮೆಟ್ಟಿಲು ಹಿಡಿದು ಸ್ವಲ್ಪ ಏರಿದರೆ ಗಂಗಾಧರೇಶ್ವರನ ಸನ್ನಿಧಿ. ಹೊರಗೆ ಕಂಬಗಳ ಮಂಟಪವಿದೆ, ಕೆತ್ತನೆಯಿದೆ, ಚಪ್ಪಡಿ ಹೊದಿಸಿದ ಮುಚ್ಚಿಗೆಯಿದೆ. ಒಳಕ್ಕೆ ಹೋದಂತೆ ಕಟ್ಟಡ ಮುಗಿದು ಬೆಟ್ಟ ಶುರುವಾಗುತ್ತದೆ. ಗರ್ಭಗುಡಿ ಇರುವುದು ಗುಹೆಯಲ್ಲಿ. ಲಿಂಗದ ನೆತ್ತಿಯ ಮೇಲೆ ಯಾವ ಶಿಲ್ಪಿಯೂ ಏರಿಸದ ಬಂಡೆ. ಪಕ್ಕದ ಹೊನ್ನಾದೇವಿಯ ನೆಲೆಯೂ ಗುಹೆಯೇ. ಹೊರಗಿನ ಮಂಟಪಕ್ಕೆ ಮನುಷ್ಯರು ಎಷ್ಟೋ ಸಲ ಗಾರೆ ಬಳಿದಿದ್ದಾರೆ, ಸಂದು ಮುಚ್ಚಿದ್ದಾರೆ. ಒಳಗಿನ ಚಾವಣಿಗೆ ಆ ಹಂಗಿಲ್ಲ.

ಹೊರಗೆ ಬಿಸಿಲು ಏರುತ್ತಿದ್ದರೂ ಒಳಗೆ ಕಾಲಿಗೆ ತಂಪು ತಾಗುತ್ತಿತ್ತು. ಇಲ್ಲಿ ಅಭಿಷೇಕದ ತುಪ್ಪ ಬೆಣ್ಣೆಯಾಗುತ್ತದೆಂಬುದು ಭಕ್ತರ ನಂಬಿಕೆ. ಅದನ್ನು ಪ್ರಸಾದವಾಗಿ ಕೊಂಡೊಯ್ಯಲು ಎಲ್ಲೆಲ್ಲಿಂದಲೋ ಜನ ಬರುತ್ತಾರೆ. ಅಂಗೈ ಬಂಡೆಗೆ ಒತ್ತಿ ನಿಂತಾಗ ನನಗೆ ಆ ತಂಪೇ ದೊಡ್ಡ ಪವಾಡವಾಗಿ ಕಂಡಿತು. ಕಲ್ಲಿನಲ್ಲಿ ಬಿಸಿಲು ಬಹಳ ನಿಧಾನವಾಗಿ ನಡೆಯುತ್ತದೆ. ಹಗಲಿನ ಕಾವು ಕೆಲವು ಅಂಗುಲ ಇಳಿಯುವಷ್ಟರಲ್ಲಿ ರಾತ್ರಿಯಾಗಿ ಹಿಂತಿರುಗುತ್ತದೆ. ಬೇಸಗೆಯ ಕಾವು ಕೆಲವು ಅಡಿ ಇಳಿಯುವಷ್ಟರಲ್ಲಿ ಮಳೆಗಾಲ ಬಂದಿರುತ್ತದೆ. ಇನ್ನೂ ಆಳದ ಬಂಡೆಗೆ ಚೈತ್ರವೂ ಪುಷ್ಯವೂ ಒಂದೇ. ಆ ಊರಿನ ವರ್ಷದ ಸರಾಸರಿ ಉಷ್ಣತೆ ಎಷ್ಟೋ ಅದರ ಆಸುಪಾಸಿನಲ್ಲಿ ಅದು ಸದಾ ನಿಂತಿರುತ್ತದೆ. ನಮ್ಮ ಈ ಸೀಮೆಗೆ ಅದು ಸುಮಾರು 24 ಡಿಗ್ರಿ ಸೆಲ್ಸಿಯಸ್. ಗಂಗಾಧರೇಶ್ವರನ ತಲೆಯ ಮೇಲಿನ ಕಲ್ಲು ವರ್ಷವಿಡೀ ಬಿಸಿಲುಣ್ಣುತ್ತಿದೆ, ಒಳಗಿನವನಿಗೆ ಅದರ ಸುದ್ದಿಯೂ ಮುಟ್ಟುವುದಿಲ್ಲ.

ಅಲ್ಲಿಂದ ಮೇಲೆ ಒಳಕಲ್ಲು ತೀರ್ಥ. ಬಂಡೆಯ ಒಡಲಿನ ಮಂಟಪದಲ್ಲಿ ನೆಲದಲ್ಲೊಂದು ಒರಳಿನಂಥ ಕುಳಿ. ಬಗ್ಗಿ ತೋಳು ಇಳಿಬಿಟ್ಟರೆ ಕೈಗೆ ನೀರು ಸಿಗಬೇಕು; ಸಿಕ್ಕವರು ಪುಣ್ಯವಂತರು. ಸಾಲಿನಲ್ಲಿ ನಿಂತಿದ್ದ ಅಜ್ಜಿಯೊಬ್ಬರು ನೀರು ತಾಗಿದ್ದೇ ಗಟ್ಟಿಯಾಗಿ ಶಿವನನ್ನು ಕೂಗಿದರು, ಗುಹೆಯೆಲ್ಲ ಮೊಳಗಿತು. ನನ್ನ ಬೆರಳಿಗೂ ತಣ್ಣಗೆ ತಾಗಿತು. ಸುತ್ತ ಹತ್ತಾರು ಹಳ್ಳಿಗಳ ಕೊಳವೆಬಾವಿಗಳು ಬತ್ತಿ ನಿಲ್ಲುವ ತಿಂಗಳಲ್ಲಿ, ಬಯಲಿಗಿಂತ ಇಷ್ಟು ಎತ್ತರದ ಕಲ್ಲಿನ ಹೊಟ್ಟೆಯಲ್ಲಿ ನೀರು! ತಲೆಯ ಮೇಲೆ ಬಿದ್ದ ಮಳೆಯನ್ನು ಆದಷ್ಟು ಬೇಗ ಅಂಗಳಕ್ಕೆ ಚೆಲ್ಲುವುದು ಚಾವಣಿಯ ಕೆಲಸ ಎಂದು ನಾವು ತಿಳಿದಿದ್ದೇವೆ. ಈ ಚಾವಣಿ ತನ್ನ ಬಿರುಕುಗಳಲ್ಲಿ ಅದನ್ನು ಹನಿಹನಿಯಾಗಿ ಇಳಿಸಿಕೊಂಡು, ಬಿಸಿಲಿಗೆ ತೋರಿಸದೆ ಕಾಪಾಡುತ್ತದೆ.

ಒಳಕಲ್ಲಿನಿಂದ ಮುಂದೆ ಹಾದಿ ಕಡಿದು. ಬಂಡೆಯಲ್ಲೇ ಕೊರೆದ ಮೆಟ್ಟಿಲು, ಹಿಡಿಯಲು ಕಬ್ಬಿಣದ ಕಂಬಿ, ಅಕ್ಕಪಕ್ಕದಲ್ಲಿ ಕೈಚೀಲದ ಮೇಲೆ ಕಣ್ಣಿಟ್ಟ ಕೋತಿಗಳು. ಅರ್ಧದಲ್ಲಿ ಉಸಿರಿಗೆಂದು ನಿಂತವನಿಗೆ ಬೆಟ್ಟದ ಮೈಯಲ್ಲಿ ಒಂದು ವಿಚಿತ್ರ ಕಂಡಿತು. ಉಬ್ಬಿದ ಬಂಡೆಯ ಮೇಲಿಂದ ಅಂಗೈ ದಪ್ಪದ, ಕೆಲವು ಕಡೆ ಮೊಳ ದಪ್ಪದ ಪದರಗಳು ಬಿಟ್ಟುಕೊಂಡು ನಿಂತಿದ್ದವು. ಕೆಲವು ಜಾರಿ ಕೆಳಗೆ ಚೂರಾಗಿದ್ದವು. ಜಾರಿದ ಜಾಗದಲ್ಲಿ ಒಳಗಿನ ಕಲ್ಲು ಎಳೆಯ ಬೂದುಗೆಂಪಿನಲ್ಲಿ ಹೊಳೆಯುತ್ತಿತ್ತು.

ಈ ಪದರಗಳ ಗುಟ್ಟು ಕಲ್ಲಿನಲ್ಲೇ ಇದೆ. ರಾಮನಗರಕ್ಕೆ ಹಿಂದೆ ಕ್ಲೋಸ್‌ಪೇಟೆ ಎಂಬ ಹೆಸರಿತ್ತು. ಆ ಹೆಸರನ್ನೇ ಹೊತ್ತ ಗ್ರಾನೈಟ್ ಪಟ್ಟಿಯೊಂದು ದಕ್ಷಿಣದಿಂದ ಉತ್ತರಕ್ಕೆ ರಾಮನಗರ, ಮಾಗಡಿಯ ಬೆಟ್ಟಗಳನ್ನು ಎಬ್ಬಿಸುತ್ತಾ ತುಮಕೂರು ಸೀಮೆಯತ್ತ ಸಾಗಿದೆ. ಸುಮಾರು 250 ಕೋಟಿ ವರ್ಷಗಳ ಹಿಂದೆ ನೆಲದಾಳದಲ್ಲಿ ಕರಗಿ ಹೆಪ್ಪುಗಟ್ಟಿದ ಕಲ್ಲು ಅದು. ಮೇಲಿದ್ದ ನೆಲ ಸವೆದು ಹೋದಂತೆ ಭಾರ ಇಳಿದು ಕಲ್ಲು ಹಿಗ್ಗುತ್ತದೆ, ಹಿಗ್ಗಿದಾಗ ಮೈಗೆ ಸಮನಾಗಿ ಪದರ ಪದರವಾಗಿ ಸೀಳುತ್ತದೆ. ಬಿಸಿಲು ಮಳೆಗಳು ಆ ಸೀಳನ್ನು ಹಿಗ್ಗಿಸಿ, ಹಳೆಯ ಪದರವನ್ನು ಒಂದು ದಿನ ಉದುರಿಸುತ್ತವೆ. ಅಂದರೆ ಬೆಟ್ಟವೂ ತನ್ನ ಚಾವಣಿ ಬದಲಿಸುತ್ತಲೇ ಇದೆ! ಮನುಷ್ಯರ ಆಯಸ್ಸಿಗೆ ಕಾಣದಷ್ಟು ನಿಧಾನವಾಗಿ, ಒಂದೊಂದೇ ಪದರ. ಕಂಬಿ ಹಿಡಿದು ನಿಂತಲ್ಲೇ ಮೈ ಜುಮ್ಮೆಂದಿತು.

ಬೆಟ್ಟದ ಈ ಗುಣವನ್ನು ನಮ್ಮ ಕಲ್ಲುಕುಟಿಕರು ಎಂದೋ ಕಂಡುಕೊಂಡಿದ್ದರು. ಬಂಡೆಯ ಮೇಲೆ ಸೌದೆಯನ್ನು ಉದ್ದಕ್ಕೆ ಸಾಲಾಗಿ ಹರಡಿ ಬೆಂಕಿ ಹಚ್ಚಿ, ಆ ಬೆಂಕಿಯ ಸಾಲನ್ನು ಮೆಲ್ಲಮೆಲ್ಲನೆ ಮುಂದಕ್ಕೆ ಸರಿಸುತ್ತಿದ್ದರು. ಕಾದ ಪದರ ಹಿಗ್ಗಿ ಕೆಳಗಿನ ತಣ್ಣನೆಯ ಕಲ್ಲಿನಿಂದ ಬೇರ್ಪಡುತ್ತಿತ್ತು. ಕೈಯಲ್ಲಿ ಸುತ್ತಿಗೆ ಹಿಡಿದವನು ಬಂಡೆಯನ್ನು ಬಡಿಬಡಿದು, ಸದ್ದು ಕೇಳಿಯೇ ಸೀಳು ಎಲ್ಲಿಯವರೆಗೆ ಬಂದಿದೆಯೆಂದು ಹೇಳುತ್ತಿದ್ದ. ಎಚ್. ವಾರ್ತ್ ಎಂಬ ಭೂವಿಜ್ಞಾನಿ ಬೆಂಗಳೂರಿನಲ್ಲಿ ಈ ಕೆಲಸವನ್ನು ಕಣ್ಣಾರೆ ಕಂಡು, 1895ರಲ್ಲಿ 'ನೇಚರ್' ಪತ್ರಿಕೆಯಲ್ಲಿ ಅದರ ವಿವರ ಬರೆದ. ಹೀಗೆ ಎದ್ದ ಕಲ್ಲಿನ ಹಾಳೆಯ ದಪ್ಪ ಸುಮಾರು ಐದು ಅಂಗುಲ. ಅದನ್ನು ಉಳಿಯಿಂದ ಪಟ್ಟಿ ಪಟ್ಟಿಯಾಗಿ ಸೀಳಿದರೆ ಚಪ್ಪಡಿ. ನೆಲಮಂಗಲ, ದೊಡ್ಡಬಳ್ಳಾಪುರ, ಕೋಲಾರದ ಕಡೆಯ ಹಳೆಯ ಮನೆಗಳ ಮೇಲೆ ತೊಲೆಯಿಂದ ತೊಲೆಗೆ, ಗೋಡೆಯಿಂದ ಗೋಡೆಗೆ ಮಲಗಿರುವುದು ಇದೇ. ಬೆಟ್ಟ ಕಳಚುವ ಪದರವನ್ನು ಮನುಷ್ಯ ಕೇಳಿ ಪಡೆದು ತನ್ನ ತಲೆಯ ಮೇಲೆ ಇಟ್ಟುಕೊಂಡ.

ತುದಿಯಲ್ಲಿ, ಕಡಿದಾದ ಕಲ್ಲಿನ ಮೇಲೆ ಕೆತ್ತಿದ ಬಸವಣ್ಣ. ಸುತ್ತಲೂ ಒಂದಾಳು ಕಾಲಿಡುವಷ್ಟೇ ಜಾಗ. ಕಂಬಿ ಹಿಡಿದು ಸುತ್ತು ಬರಬೇಕು. ಸಮುದ್ರಮಟ್ಟದಿಂದ 4,500 ಅಡಿಗೂ ಎತ್ತರದ ಗಾಳಿ ಮುಖಕ್ಕೆ ರಾಚುತ್ತಿತ್ತು. ಹೊಯ್ಸಳ ವಿಷ್ಣುವರ್ಧನನ ರಾಣಿ ಶಾಂತಲೆ 1131ರಲ್ಲಿ ದೇಹ ಬಿಟ್ಟದ್ದು ಈ ಬೆಟ್ಟದಲ್ಲಿ. ಅವಳ ಹೆಸರಿನ ಕೊರಕಲು ಇಲ್ಲೇ ಇದೆ. ತೀರ್ಥಕಂಬದ ಬಳಿ ಸಂಕ್ರಾಂತಿಯಂದು ಗಂಗೆ ಉಕ್ಕುವುದನ್ನು ನೋಡಲು ಜನ ನಸುಕಿನಲ್ಲೇ ನೆರೆಯುತ್ತಾರೆ. ಆ ನೀರಿನಿಂದ ಗಂಗಾಧರೇಶ್ವರ ಹೊನ್ನಾದೇವಿಯರ ಮದುವೆ ನಡೆಯುತ್ತದೆ.

ಅಲ್ಲಿಂದ ಕೆಳಗೆ ನೋಡಿದರೆ ನೂರು ವರ್ಷಗಳ ಚಾವಣಿಗಳು ಒಂದೇ ನೋಟಕ್ಕೆ ಸಿಕ್ಕವು. ಬೆಟ್ಟದ ಬುಡದಲ್ಲಿ ಕಂದುಗೆಂಪು ಹೆಂಚು. ನಡುನಡುವೆ ಬೂದಿಬಣ್ಣದ ಚಪ್ಪಡಿ, ಸಿಮೆಂಟ್ ಶೀಟು. ಅದರಾಚೆ ನೀರಿನ ಟ್ಯಾಂಕು ಹೊತ್ತ ಹೊಸ ಮೋಲ್ಡ್ ಮನೆಗಳು. ಇನ್ನೂ ಆಚೆ ದಾಬಸ್‌ಪೇಟೆಯ ಕಾರ್ಖಾನೆಗಳ ತಗಡಿನ ಮೈದಾನ ಬಿಸಿಲಿಗೆ ಕಣ್ಣು ಕೋರೈಸುತ್ತಿತ್ತು. ಬೆಟ್ಟದ ಮೈಯೂ ಚಾವಣಿಯಂತೆ ಇಳಿಜಾರು. ಈ ಬೆಟ್ಟಸಾಲಿನಲ್ಲಿ ಹುಟ್ಟುವ ಕುಮುದ್ವತಿ ತೆಂಕಣಕ್ಕೆ ಹರಿದು ತಿಪ್ಪಗೊಂಡನಹಳ್ಳಿಯಲ್ಲಿ ಅರ್ಕಾವತಿಯನ್ನು ಕೂಡುತ್ತದೆ. ಬೆಂಗಳೂರು ಎಷ್ಟೋ ವರ್ಷ ಕುಡಿದದ್ದು ಆ ಜಲಾಶಯದ ನೀರು. ಈ ಚಾವಣಿಯ ಸೂರಿನಿಂದ ಬಿದ್ದ ಹನಿ ಒಂದು ಮಹಾನಗರದ ಕೊಡ ತುಂಬಿತ್ತು.

ಮಧ್ಯಾಹ್ನ ಇಳಿದು ದೊಡ್ಡಮ್ಮನ ಮನೆ ಸೇರಿದಾಗ ಅರ್ಧ ಮನೆ ಆಕಾಶಕ್ಕೆ ತೆರೆದಿತ್ತು. ನಡುಮನೆಯ ನೆಲದ ಮೇಲೆ ಎಂದೂ ಬೀಳದ ಬಿಸಿಲು ಬಿದ್ದಿತ್ತು. ಜಂತೆಗಳ ಮೇಲೆ ಇಬ್ಬರು ಹುಡುಗರು ಕೂತು ಹೆಂಚು ಕಳಚಿ ಕೊಡುತ್ತಿದ್ದರು. ಕೆಳಗೆ ಕೈಯಿಂದ ಕೈಗೆ ಸಾಗಿ ಅಂಗಳದಲ್ಲಿ ಪೇರಿಸಲ್ಪಡುತ್ತಿದ್ದವು. ಮೇಸ್ತ್ರಿ ಪ್ರತಿ ಹೆಂಚನ್ನೂ ಎಡಗೈಯಲ್ಲಿ ಎತ್ತಿ ಬಲಗೈ ಗೆಣ್ಣಿನಿಂದ ತಟ್ಟುತ್ತಿದ್ದ. ಠಣ್ ಎಂದರೆ ಒಂದು ಸಾಲು, ಬೊದ್ದು ಸದ್ದು ಬಂದರೆ ಇನ್ನೊಂದು. ಬಂಡೆ ಬಡಿದು ಸೀಳು ತಿಳಿಯುತ್ತಿದ್ದವರ ಕಿವಿಯೇ ಇವನಿಗೂ ಬಂದಿದೆ! ಸಂಜೆಯ ಹೊತ್ತಿಗೆ ಠಣ್ ಎಂದವುಗಳ ಸಾಲೇ ಉದ್ದವಾಗಿತ್ತು.

"ಹೆಂಚು ಕೆಟ್ಟಿಲ್ಲ ಸ್ವಾಮಿ, ರೀಪರು ಕೆಟ್ಟಿರೋದು" ಎಂದ. ಗೆದ್ದಲು ಹತ್ತಿದ ರೀಪರು ಬಾಗಿ, ಹೆಂಚುಗಳ ಕೊಂಡಿ ಸಡಿಲಿ, ಸಂದಿನಲ್ಲಿ ನೀರು ಇಳಿದಿತ್ತು. ಮೇಲಿನಿಂದ ಕೋತಿಗಳು ಸೂರಿನ ಸಾಲನ್ನು ಕಿತ್ತು ಆಡಿದ್ದವು. ಬೆಟ್ಟದ ಸುತ್ತಿನ ಎಷ್ಟೋ ಮನೆಗಳು ಹೆಂಚು ಬಿಟ್ಟು ಶೀಟಿಗೆ ಹೋದದ್ದು ಈ ಕೋತಿಗಳ ದೆಸೆಯಿಂದ. ಮೇಸ್ತ್ರಿ ಅದಕ್ಕೂ ಉಪಾಯ ತಂದಿದ್ದ. ಸೂರಿನ ಸಾಲಿನ ಪ್ರತಿ ಹೆಂಚನ್ನೂ ತಂತಿಯಿಂದ ರೀಪರಿಗೆ ಬಿಗಿಯುವುದು.

ಒಂದು ಹೆಂಚನ್ನು ತಿರುವಿ ನೋಡಿದೆ. ಬೆನ್ನ ಮೇಲೆ ಮಂಗಳೂರಿನ ಕಾರ್ಖಾನೆಯ ಮುದ್ರೆ ಇನ್ನೂ ಓದುವಂತಿತ್ತು. ಜರ್ಮನಿಯ ಜಾರ್ಜ್ ಪ್ಲೆಬ್ಸ್ಟ್ ನೇತ್ರಾವತಿ ತೀರದ ಜೇಡಿಯಲ್ಲಿ ಹೆಂಚಿನ ಗುಣ ಗುರುತಿಸಿ, 1865ರಲ್ಲಿ ಬಾಸೆಲ್ ಮಿಶನ್ ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆ ತೆರೆದ ಮೇಲೆ, ಕರಾವಳಿಯ ಕೆಸರು ಘಟ್ಟ ಹತ್ತಿ ಬಯಲುಸೀಮೆಯ ನೆತ್ತಿ ಏರಿತು. ಅದಕ್ಕೆ ಮೊದಲು ಇಲ್ಲಿದ್ದದ್ದು ಕುಂಬಾರರು ತಿಗುರಿಯಲ್ಲಿ ಕೊಳವೆಯಾಗಿ ಎತ್ತಿ, ಎರಡಾಗಿ ಸೀಳಿ, ಆವಿಗೆಯಲ್ಲಿ ಸುಟ್ಟ ನಾಡಹೆಂಚು. ಪ್ರತಿ ಬೇಸಗೆ ಅದನ್ನು ಕೈಯಾಡಿಸಬೇಕಿತ್ತು. ಮಂಗಳೂರು ಹೆಂಚು ಒಂದರ ಅಂಚು ಇನ್ನೊಂದರ ತೋಡಿನಲ್ಲಿ ಕೂರುವಂತೆ ಅಚ್ಚಿನಲ್ಲೇ ರೂಪುಗೊಂಡು ಬಂತು. ಗಾರೆ ಬೇಡ, ಮೊಳೆ ಬೇಡ. ಅದರ ಸಂದುಗಳಲ್ಲಿ ಮಳೆ ಒಳಬಾರದು, ಆದರೆ ಒಳಗಿನ ಬಿಸಿಗಾಳಿ ಮೇಲೇರಿ ಹೊರಟುಹೋಗುತ್ತದೆ. ಸುಟ್ಟ ಮಣ್ಣು ಹೀರಿದ ನೀರು ಬಿಸಿಲಿಗೆ ಆವಿಯಾಗುತ್ತಾ ಹೆಂಚನ್ನು ತಣಿಸುತ್ತದೆ. ಯಂತ್ರವಿಲ್ಲದೆ, ವಿದ್ಯುತ್ತಿಲ್ಲದೆ ಇಷ್ಟೆಲ್ಲ ನಡೆಯುತ್ತಿರುವಾಗ ಅದರಡಿಯಲ್ಲಿ ನಾವು ಮಲಗಿ ನಿದ್ದೆ ಮಾಡಿದ್ದೆವು!

ಸಂಜೆ ಆರೂವರೆಗೆ ಫೀನಿಕ್ಸ್‌ನಿಂದ ವಿಡಿಯೊ ಕರೆ ಬಂತು. ಅಲ್ಲಿ ಬೆಳಿಗ್ಗೆ ಆರು ಗಂಟೆ. ಇಲ್ಲಿ ಶಿವಗಂಗೆಯ ಹಿಂದೆ ಇಳಿಯುತ್ತಿದ್ದ ಸೂರ್ಯ ಅಲ್ಲಿ ಮರುಭೂಮಿಯ ಮೇಲೆ ಏರುತ್ತಿದ್ದ. ಕೆಲಸದವರು ಆಗಲೇ ಚಾವಣಿ ಹತ್ತಿದ್ದರು; ಬಿಸಿಲು ಬಲಿತರೆ ಅಲ್ಲಿ ನಿಲ್ಲಲಾಗುವುದಿಲ್ಲ. 2023ರ ಬೇಸಗೆಯಲ್ಲಿ ಆ ಊರು ಸತತ 31 ದಿನ 43 ಡಿಗ್ರಿ ಸೆಲ್ಸಿಯಸ್‌ಗೂ ಹೆಚ್ಚಿನ ಸೆಕೆ ಕಂಡಿತ್ತು. ಅಂಥ ಬಿಸಿಲಿಗೆ ಕಪ್ಪು ಚಾವಣಿಯ ಮೈ 65 ಡಿಗ್ರಿ ದಾಟುತ್ತದೆ.

ನನ್ನ ತಮ್ಮ ಹಳೆಯ ಶಿಂಗಲ್ ಒಂದನ್ನು ಕ್ಯಾಮೆರಾಗೆ ಹಿಡಿದ. ಅಂಚು ಸುರುಟಿತ್ತು, ಬಗ್ಗಿಸಿದರೆ ಲಟಕ್ಕೆಂದು ಮುರಿಯಿತು. ಗಾಜಿನ ನಾರಿನ ಚಾಪೆಗೆ ಡಾಂಬರು ಲೇಪಿಸಿ ಮಾಡುವ ಈ ಹೊದಿಕೆಯನ್ನು 1903ರ ಸುಮಾರಿಗೆ ಮಿಷಿಗನ್‌ನ ಹೆನ್ರಿ ರೆನಾಲ್ಡ್ಸ್ ಮೊದಲು ತುಂಡುಗಳಾಗಿ ಕತ್ತರಿಸಿ ಬಳಕೆಗೆ ತಂದ. ಆಗ ಗಾಜಿನ ನಾರಿರಲಿಲ್ಲ, ಕಂಬಳಿಯಂಥ ಬಟ್ಟೆಯಿತ್ತು. ಡಾಂಬರಿಗೆ ನೀರು ತಡೆಯುವುದು ಗೊತ್ತು, ಬಿಸಿಲು ತಡೆಯುವುದು ಗೊತ್ತಿಲ್ಲ. ಬಿಸಿಲಿನ ಅತಿನೇರಳೆ ಕಿರಣ ಅದರ ಜಿಡ್ಡನ್ನು ಒಣಗಿಸಿ ಪೆಡಸಾಗಿಸುತ್ತದೆ. ಅದಕ್ಕೆ ಮೇಲೊಂದು ರಕ್ಷೆ ಬೇಕು. ಆ ರಕ್ಷೆ ಏನೆಂದು ಕೇಳಿದೆ. ಅವನು ಚಾವಣಿಯ ದೋಣಿಯಿಂದ ಒಂದು ಹಿಡಿ ಬಾಚಿ ಅಂಗೈ ಚಾಚಿದ. ಬಣ್ಣದ ಲೇಪ ಹೊತ್ತ, ಸಕ್ಕರೆಯಷ್ಟು ಸಣ್ಣ ಕಲ್ಲಿನ ಹರಳುಗಳು!

ಹೌದು, ಕಲ್ಲು. ಪುಡಿಮಾಡಿದ ಗಟ್ಟಿ ಬಂಡೆ. ಭೂಮಿಯ ಆ ಮಗ್ಗುಲಿನ ಮರುಭೂಮಿಯ ಬಡಾವಣೆಯಲ್ಲೂ ಬಿಸಿಲಿಗೆ ಮೊದಲು ಎದೆಯೊಡ್ಡಿದ್ದು ಕಲ್ಲೇ. ಹರಳು ಉದುರುತ್ತಾ ಬಂದಂತೆ ಅಡಿಯ ಡಾಂಬರು ಬತ್ತಲಾಗಿ, ಚಾವಣಿಯ ಮುಪ್ಪು ಓಡೋಡಿ ಬರುತ್ತದೆ. ಬೆಳಿಗ್ಗೆ ಬಂಡೆಯ ಪದರ ಕಳಚುವುದನ್ನು ಕಂಡು ಬಂದಿದ್ದ ನನಗೆ ಅವನ ಅಂಗೈಯ ಹರಳುಗಳನ್ನು ಕಂಡಾಗ ಇಡೀ ದಿನ ಒಂದೇ ಎಳೆಯಲ್ಲಿ ಕೋದುಕೊಂಡಿತು. ಐದಂಗುಲದ ಚಪ್ಪಡಿ, ಮಣ್ಣು ಸುಟ್ಟು ಕಲ್ಲಾದ ಹೆಂಚು, ಚಿಟಿಕೆ ಹರಳು: ಹೊರಮೈ ಯಾವುದೇ ಆಗಿರಲಿ, ಅದು ತಾನು ಸವೆದು ಒಳಗಿನದನ್ನು ಉಳಿಸುತ್ತದೆ. ನಮ್ಮ ಚರ್ಮಕ್ಕೆ ತಾಗಬೇಕಿದ್ದ ಬಿಸಿಲು ಅದಕ್ಕೆ ತಾಗಿತು. ಚಾವಣಿ ನಮ್ಮ ಬದಲು ಮುಪ್ಪಾಗುತ್ತದೆ.

ಒಂದು ವ್ಯತ್ಯಾಸ ಮಾತ್ರ ಮನಸ್ಸಿಗೆ ನಾಟಿತು. ಅಲ್ಲಿ ಕಿತ್ತ ಶಿಂಗಲ್ ಬಹುಪಾಲು ಕಸದ ಗುಂಡಿಗೆ ಹೋಗುತ್ತದೆ. ಸ್ವಲ್ಪ ರಸ್ತೆಯ ಡಾಂಬರಿಗೆ ಬೆರೆಯುತ್ತದೆ. ಅಮೆರಿಕದಲ್ಲಿ ಹೀಗೆ ವರ್ಷಕ್ಕೆ ಅಂದಾಜು 1.1 ಕೋಟಿ ಟನ್ ಹಳೆಯ ಚಾವಣಿ ರಾಶಿಯಾಗುತ್ತದೆ. ಇಲ್ಲಿ ಇಳಿಸಿದ ಹೆಂಚು ಬ್ರಷ್ ತಿಕ್ಕಿಸಿಕೊಂಡು, ಪಾಚಿ ಕಳೆದುಕೊಂಡು, ಮರುದಿನ ಅದೇ ಮನೆಯ ಮೇಲೆ ಏರಲು ಕಾಯುತ್ತಿತ್ತು. ಒಡೆದದ್ದು ಅಂಗಳದ ಗುಂಡಿಗೆ ಬಿದ್ದು ಮತ್ತೆ ಮಣ್ಣು. ಒಂದೊಂದಾಗಿ ಕೈಗೆ ಬರುವ ಚಾವಣಿಯನ್ನು ಒಂದೊಂದಾಗಿ ಸರಿಪಡಿಸಬಹುದು ಎಂಬ ದೊಡ್ಡ ವಿವೇಕವನ್ನು ನಮ್ಮ ಹಿರಿಯರ ಮನೆಗಳು ಸದ್ದಿಲ್ಲದೆ ಹೊತ್ತು ನಿಂತಿವೆ.

ರಾತ್ರಿ ಊಟಕ್ಕೆ ಕೂತಾಗ ಮನೆಯಲ್ಲಿ ಮಾತು ಎದ್ದಿತು. ಹೇಗೂ ಬಿಚ್ಚಿಯಾಗಿದೆ, ಮೋಲ್ಡ್ ಹಾಕಿಸಿಬಿಡಿ ಎಂದರು ಒಬ್ಬರು. ಶೀಟು ಸಲೀಸು ಎಂದರು ಇನ್ನೊಬ್ಬರು. ಎರಡಕ್ಕೂ ಅದರದರ ಸ್ಥಾನವಿದೆ. ಮೋಲ್ಡ್ ಮೇಲೆ ಮಹಡಿ ಏರಿಸಬಹುದು. ಆದರೆ ಹಗಲೆಲ್ಲ ಕುಡಿದ ಕಾವನ್ನು ಅದು ಮಲಗುವ ಹೊತ್ತಿಗೆ ಕೆಳಕ್ಕೆ ಸುರಿಯುತ್ತದೆ. ಹಳೆಯ ಕಲ್ನಾರಿನ ಶೀಟನ್ನಂತೂ ಕತ್ತರಿಸಿದಾಗ, ಒಡೆದಾಗ ಏಳುವ ದೂಳು ಕ್ಯಾನ್ಸರ್ ತರಬಲ್ಲದು. ಅದನ್ನು ಇಳಿಸುವವರು ನೀರು ಸಿಂಪಡಿಸಿ, ಮುರಿಯದೆ, ಬಾಯಿಮೂಗಿಗೆ ಸರಿಯಾದ ರಕ್ಷೆ ಕಟ್ಟಿಕೊಂಡೇ ಇಳಿಸಬೇಕು. ದೊಡ್ಡಮ್ಮ ಎಲ್ಲ ಕೇಳಿಸಿಕೊಂಡು ಒಂದೇ ಮಾತಿಗೆ ಮುಗಿಸಿದರು: "ಕಾದದ್ದು ಈ ಹೆಂಚು, ಇದೇ ಕಾಯ್ಲಿ."

ಮೂರು ನಿರ್ಧಾರ ಆಯಿತು. ನಡುಮನೆಗೆ ಹೊಸ ರೀಪರಿನ ಮೇಲೆ ಹಳೆಯ ಹೆಂಚು, ಕತ್ತಲ ಮೂಲೆಗೆ ಒಂದೆರಡು ಗಾಜಿನ ಹೆಂಚು. ಹಿತ್ತಿಲ ಅಡುಗೆಮನೆಯ ಚಪ್ಪಡಿಯ ಸಂದುಗಳಿಗೆ ಗಾರೆ ತುಂಬಿ, ಮೇಲೆಲ್ಲ ದಪ್ಪನೆಯ ಸುಣ್ಣ. ಬೆಳ್ಳನೆಯ ಮೈ ಬಿಸಿಲನ್ನು ಬಂದ ದಾರಿಗೇ ಕಳಿಸುತ್ತದೆ. ಸುಡುಬಿಸಿಲಿನ ಹೊತ್ತಿನಲ್ಲಿ ಕಪ್ಪು ಚಾವಣಿಗೂ ಒಳ್ಳೆಯ ಪ್ರತಿಫಲಕ ಚಾವಣಿಗೂ 28 ಡಿಗ್ರಿಯಷ್ಟು ಅಂತರ ಬರಬಹುದು. ತಮ್ಮನೂ ಈ ಸಲ ತಿಳಿಬಣ್ಣದ ಶಿಂಗಲ್ ಆರಿಸಿದ್ದ. ಮೂರನೆಯದು, ಸೂರಿನ ಕೆಳಗೆ ದೋಣಿ ಕಟ್ಟಿ ಮಳೆನೀರನ್ನು ಅಂಗಳದ ತೊಟ್ಟಿಗೆ ಇಳಿಸುವುದು. ಹತ್ತು ಚದರದ ಚಾವಣಿಯ ಮೇಲೆ ಈ ಸೀಮೆಯ ಸುಮಾರು 800 ಮಿಲಿಮೀಟರ್ ಮಳೆ ವರ್ಷಕ್ಕೆ 70,000 ಲೀಟರಿಗೂ ಹೆಚ್ಚು ನೀರು ಸುರಿಯುತ್ತದೆ. ಅದರ ಒಂದು ಪಾಲು ನಿಂತರೂ ಬೇಸಗೆ ಹಗುರ. ಒಳಕಲ್ಲಿನ ಬಂಡೆ ಮಾಡುತ್ತಿರುವ ಕೆಲಸವನ್ನು ಮನೆಯ ಅಳತೆಗೆ ಇಳಿಸುವ ದಾರಿ ಇದು.

ಮರುದಿನ ಹೆಂಚು ಏರುವುದನ್ನು ನಿಂತು ನೋಡಿದೆ. ಸೂರಿನಿಂದ ಶುರುವಾಗಿ, ಸಾಲಿನ ಮೇಲೆ ಸಾಲು ಕೂರುತ್ತಾ, ಕೊನೆಗೆ ಬೆನ್ನಿಗೆ ಕೋಡುಹೆಂಚು. ಮೇಲಿನವರಿಗೆ ಕೈಗೊಂದು ಹಗ್ಗ, ಗಂಟೆಗೊಮ್ಮೆ ನೆರಳು, ಮಜ್ಜಿಗೆ. ದೊಡ್ಡಮ್ಮ ಖುದ್ದಾಗಿ ನಿಂತು ನೋಡಿಕೊಂಡರು. ಅದೂ ಚಾವಣಿಯ ಕೆಲಸದ ಭಾಗವೇ. ನಮ್ಮ ತಲೆಗೆ ನೆರಳು ಮಾಡುವವರು ತಾವು ಬರಿಯ ಬಿಸಿಲಿನಲ್ಲಿ ಕೂತಿರುತ್ತಾರೆ, ಶಿವಗಂಗೆಯ ತಪ್ಪಲಲ್ಲೂ, ಫೀನಿಕ್ಸ್‌ನಲ್ಲೂ.

ಮನೆಯಲ್ಲಿ ಅತಿ ಹೆಚ್ಚು ದುಡಿಯುವುದೂ ಅತಿ ಕಡಿಮೆ ನೋಡಿಸಿಕೊಳ್ಳುವುದೂ ಚಾವಣಿಯೇ. ಸೋರಿದಾಗ ಮಾತ್ರ ತಲೆಯೆತ್ತುತ್ತೇವೆ, ಶಪಿಸುತ್ತೇವೆ. ಬೆಟ್ಟದಂತೆ ತಾನೇ ಪದರ ಕಳಚಿ ಹೊಸತಾಗುವ ಶಕ್ತಿ ನಮ್ಮ ಮನೆಗಳಿಗಿಲ್ಲ. ಆ ಕೆಲಸ ನಮ್ಮ ಕೈಗೆ ಬಿಟ್ಟದ್ದು. ವರ್ಷಕ್ಕೊಮ್ಮೆ, ಮೊದಲ ಮಳೆಗೆ ಮುಂಚೆ, ಬಲ್ಲವರನ್ನು ಕರೆಸಿ ಮೇಲೆ ಹತ್ತಿಸಿ ನೋಡಿ. ತಟ್ಟಿ ಕೇಳಿಸಿಕೊಳ್ಳಿ. ಗಟ್ಟಿಯಿದ್ದದ್ದನ್ನು ಉಳಿಸಿ, ದಣಿದದ್ದನ್ನು ಬದಲಿಸಿ, ಸುಣ್ಣ ಬಳಿಯಿರಿ, ನೀರಿಗೆ ನೆಲದ ದಾರಿ ತೋರಿಸಿ. ನಮ್ಮ ಬದಲು ಬಿಸಿಲಲ್ಲಿ ನಿಂತದ್ದಕ್ಕೆ ನಾವು ಸಲ್ಲಿಸಬೇಕಾದ ಋಣ ಅಷ್ಟಾದರೂ ಇದೆ.